ಕಟ್ಟಿಗೆ ನೆಲದ ಮೇಲೆ ಕಾರ್ಪೆಟ್ ಟೈಲು: ಯಾವ ಅಂಟು ಹಚ್ಚಬೇಕು?

ಕಲಬುರಗಿಯಲ್ಲಿ ನೆಲ ಎಂದರೆ ಶಹಾಬಾದ್ ಫರಸಿ. ಕಟ್ಟಿಗೆಯ ನೆಲ ಸಿಗುವುದು ಕೆಲವೇ ಕಡೆ. ಅಂಗಡಿ, ಗೋದಾಮುಗಳೊಳಗೆ ಕಬ್ಬಿಣದ ಚಾನೆಲ್ ಮೇಲೆ ಪ್ಲೈವುಡ್ ಹೊದಿಸಿ ಮಾಡಿದ ಅಟ್ಟದ ಕಚೇರಿಗಳಲ್ಲಿ, ಶಾಲೆ ಕಾಲೇಜುಗಳ ವೇದಿಕೆಗಳಲ್ಲಿ, ಇನ್ನೂ ಉಳಿದುಕೊಂಡಿರುವ ಹಳೆ ವಾಡೆಗಳ ಸಾಗವಾನಿ ಹಲಗೆಯ ಮಹಡಿಗಳಲ್ಲಿ. ಈ ಮೂರಕ್ಕೂ ಈಗ ಕಾರ್ಪೆಟ್ ಟೈಲು, ಅಂದರೆ ಚೌಕ ತುಂಡುಗಳಾಗಿ ಬರುವ ಕಾರ್ಪೆಟ್, ಹಾಸುವವರು ಹೆಚ್ಚಾಗಿದ್ದಾರೆ. ಹೆಜ್ಜೆ ಸಪ್ಪಳ ತಗ್ಗುತ್ತದೆ, ಒಂದು ಟೈಲು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಆದರೆ ಈ ಎರಡನೆಯ ಲಾಭ ಕೈಗೆ ಸಿಗುವುದೂ ತಪ್ಪುವುದೂ ಪೂರ್ತಿ ಅಂಟಿನ ಮೇಲೆ ನಿಂತಿದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಅಣ್ಣಾರ, ಕಟ್ಟಿಗಿ ಮ್ಯಾಲ ಕಾರ್ಪೆಟ್ ಟೈಲ್ ಕೂಡಸಬೇಕ್ರೀ, ಏನ್ ಹಚ್ಚಬೇಕು?"

"ಸೊಲ್ಯೂಷನ್ ಒಯ್ರಿ. ಒಮ್ಮೆ ಹಚ್ಚಿದ್ರ ಮುಗೀತು, ಕಿತ್ತಿದ್ರೂ ಕೀಳಂಗಿಲ್ಲ."

ಅಂಗಡಿಯವರು ಹೇಳುವುದು ಸುಳ್ಳಲ್ಲ. ಹಳದಿ ರಬ್ಬರ್ ಸೊಲ್ಯೂಷನ್ ನಿಜಕ್ಕೂ ಬಿಡುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಕಾರ್ಪೆಟ್ ಟೈಲಿಗೆ ಬೇಕಾದದ್ದು ಬೇರೆ ಗುಣ. ಕಾಲಿನ ಒತ್ತಿಗೆ, ಗಾಲಿ ಕುರ್ಚಿಯ ಎಳೆತಕ್ಕೆ ಟೈಲು ಅಡ್ಡ ಜಾರಬಾರದು. ಮೂಲೆ ಹಿಡಿದು ಮೇಲಕ್ಕೆ ಎತ್ತಿದರೆ ಬಿಟ್ಟುಕೊಡಬೇಕು. ಅಡ್ಡಕ್ಕೆ ಗಟ್ಟಿ, ಮೇಲಕ್ಕೆ ಸಡಿಲು. ಇದು ಸಿಗುವುದು ಅಕ್ರಿಲಿಕ್ ಎಮಲ್ಷನ್ ಜಾತಿಯ ನೀರಿನ ಅಂಟಿನಲ್ಲಿ. ಡಬ್ಬಿಯ ಮೇಲೆ 'ಟ್ಯಾಕಿಫೈಯರ್' ಅಥವಾ 'ಪ್ರೆಷರ್ ಸೆನ್ಸಿಟಿವ್' ಎಂದು ಬರೆದಿರುತ್ತಾರೆ. ಹಸಿ ಇದ್ದಾಗ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಗಾಜಿನಂತೆ ತಿಳಿಯಾಗಿ, ಮುಟ್ಟಿದರೆ ಜಿಗುಟಾಗಿಯೇ ಉಳಿಯುತ್ತದೆ. ಪೂರ್ತಿ ಒಣಗಿ ಗಟ್ಟಿಯಾಗುವುದು ಇದರ ಸ್ವಭಾವವಲ್ಲ.

ಫರಸಿಯ ಮೇಲೆ ಹಾಸುವುದಕ್ಕಿಂತ ಕಟ್ಟಿಗೆಯ ಮೇಲೆ ಹಾಸುವಾಗ ಈ ಬಿಡುವ ಗುಣ ಇನ್ನೂ ಮುಖ್ಯ. ಕಾರಣ ಎರಡು. ಮೊದಲನೆಯದು, ಕಟ್ಟಿಗೆ ಅಲ್ಲಾಡುವ ವಸ್ತು. ಹಲಗೆ ಉದ್ದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ, ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ. 6 ಇಂಚು ಅಗಲದ ಸಾಗವಾನಿ ಹಲಗೆಯ ತೇವಾಂಶ ಶೇ 4ರಷ್ಟು ಏರಿಳಿದರೆ ಅಗಲದಲ್ಲಿ ಸುಮಾರು 1 ಮಿ.ಮೀ. ವ್ಯತ್ಯಾಸವಾಗುತ್ತದೆ. ಮೇ ತಿಂಗಳ ಒಣ ಬಿಸಿಲಿನಿಂದ ಶ್ರಾವಣದ ಜಿಟಿಜಿಟಿಯವರೆಗೆ ನಮ್ಮ ಕಡೆ ಹವೆ ಬದಲಾಗುವ ರೀತಿ ನೋಡಿದರೆ ಈ ಅಲ್ಲಾಟ ಪ್ರತಿ ವರ್ಷದ್ದು. ಗಟ್ಟಿಯಾಗಿ ಒಣಗುವ ಅಂಟು ಇದರ ಜೊತೆ ಹೋಗಲಾರದೆ ಬಿರುಕು ಬಿಡುತ್ತದೆ. ಜಿಗುಟಾಗಿ ಉಳಿಯುವ ಅಂಟು ಎಳೆದಷ್ಟು ಎಳೆಯಿಸಿಕೊಳ್ಳುತ್ತದೆ. ಎರಡನೆಯದು ಗೆದ್ದಲು. ಟೈಲಿನ ಕೆಳಗೆ ಕತ್ತಲು, ಬೆಚ್ಚಗಿನ ಜಾಗ, ಮೇಲೆ ಯಾರ ಕಣ್ಣಿಗೂ ಬೀಳದು. ಟೈಲು ಎತ್ತಿ ನೋಡಲು ಬಾರದಂತೆ ಅಂಟಿಸಿದರೆ ಗೆದ್ದಲು ಬಂದದ್ದು ತಿಳಿಯುವುದು ಕಾಲು ಕುಸಿದಾಗಲೇ.

ಬೇರೆ ಅಂಟುಗಳ ವಿಚಾರ. ನಮ್ಮಲ್ಲಿ ಯಾವ ಅಂಟಾದರೂ 'ಫೆವಿಕಾಲ್' ಎನ್ನುವುದು ರೂಢಿ, ಆದ್ದರಿಂದ ಹೆಸರಿಗಿಂತ ಜಾತಿ ನೋಡಬೇಕು. ಬಡಿಗೇರರು ಬಳಸುವ ಬಿಳಿ ಅಂಟು ಪಿವಿಎ ಜಾತಿಯದು. ಕಟ್ಟಿಗೆಗೆ ಕಟ್ಟಿಗೆ ಕೂಡಿಸಲು ಅದಕ್ಕಿಂತ ಛಲೋ ಅಂಟಿಲ್ಲ. ಅದು ಒಣಗಬೇಕಾದರೆ ಅದರೊಳಗಿನ ನೀರು ಎರಡೂ ಬದಿಯ ಕಟ್ಟಿಗೆಯೊಳಗೆ ಇಂಗಬೇಕು. ಟೈಲಿನ ಬೆನ್ನು, ಅಂದರೆ ಕೆಳಬದಿ, ಪಿವಿಸಿ ಪ್ಲಾಸ್ಟಿಕ್ ಆಗಿದ್ದರೆ ಆ ಕಡೆ ನೀರು ಇಂಗುವುದೇ ಇಲ್ಲ. ಪ್ಲೈವುಡ್ ಮೇಲೆ ಗಟ್ಟಿ ಪೊರೆಯಾಗಿ ನಿಂತು, ಟೈಲು ಮಾತ್ರ ಕೆಲವು ವಾರಗಳಲ್ಲಿ ಬಿಟ್ಟು ಬರುತ್ತದೆ. ಬೆನ್ನಿಗೆ ಫೆಲ್ಟ್ (ಕಂಬಳಿಯಂಥ ನಾರಿನ ಪದರ) ಇದ್ದರೆ ಇದಕ್ಕೆ ತದ್ವಿರುದ್ಧ: ನಾರಿನೊಳಗೆ ಹೊಕ್ಕು ಕಲ್ಲಾಗುತ್ತದೆ, ಕೀಳಲು ಹೋದರೆ ಅರ್ಧ ಫೆಲ್ಟ್ ನೆಲಕ್ಕೇ ಉಳಿಯುತ್ತದೆ.

ರಬ್ಬರ್ ಸೊಲ್ಯೂಷನ್‌ದು ಬೇರೆ ತಕರಾರು. ಅದರಲ್ಲಿ ಟೊಲೀನ್‌ನಂಥ ದ್ರಾವಕ ಇರುತ್ತದೆ. ಟೈಲಿನ ಬೆನ್ನು ಡಾಂಬರಿನದಾಗಿದ್ದರೆ ದ್ರಾವಕ ಅದನ್ನು ಕರಗಿಸಿ ಕಪ್ಪು ರಸ ಮಾಡುತ್ತದೆ. ಪಿವಿಸಿ ಬೆನ್ನಿನಲ್ಲಿ ಮೆತ್ತಗಿರಲೆಂದು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಅದು ತಿಂಗಳುಗಟ್ಟಲೆ ನಿಧಾನವಾಗಿ ಅಂಟಿನೊಳಗೆ ಇಳಿದು, ಗಟ್ಟಿ ಹಿಡಿದಿದ್ದ ಸೊಲ್ಯೂಷನ್ನನ್ನು ಬೆಲ್ಲದ ಪಾಕದಂತೆ ಮಾಡಿಬಿಡುತ್ತದೆ. ಮೊದಲ ದಿನ ಕಿತ್ತರೂ ಬಾರದ್ದು ಮುಂದಿನ ಬೇಸಿಗೆಯಲ್ಲಿ ಜಾರತೊಡಗಿ, ಜೋಡುಗಳಲ್ಲಿ ಕಂದು ಬಣ್ಣದ ಜಿಗುಟು ಮೇಲಕ್ಕೆ ಬರುತ್ತದೆ. ಇದರ ಜೊತೆ ಬೆಂಕಿಯ ಭಯ. ಟೊಲೀನ್ ಆವಿ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ನಮ್ಮ ಬೇಸಿಗೆ 40 ದಾಟುತ್ತದೆ. ಕಿಟಕಿ ಇಲ್ಲದ ಅಟ್ಟದಲ್ಲಿ 120 ಚದರ ಅಡಿಗೆ ಸೊಲ್ಯೂಷನ್ ಸವರಿ ಕೂಡುವುದು, ಕೆಳಗೆ ಯಾರೋ ದೇವರ ಮುಂದೆ ಊದುಬತ್ತಿ ಹಚ್ಚುವುದು, ಇಂಥದ್ದು ಬೇಡವೇ ಬೇಡ.

ಡಬಲ್ ಟೇಪ್ ಎರಡು ದಿನದ ಪ್ರದರ್ಶನಕ್ಕೆ ಸರಿ. ಕಾಯಂ ಕೆಲಸಕ್ಕೆ ಅಲ್ಲ.

ಹೀಗಾಗಿ ಅಂಟು ಕೊಳ್ಳುವ ಮೊದಲು ಟೈಲು ತಿರುಗಿಸಿ ಬೆನ್ನು ನೋಡಿ. ರಬ್ಬರಿನಂತೆ ನುಣುಪಾಗಿ, ಬಿಗಿಯಾಗಿದ್ದರೆ ಪಿವಿಸಿ. ಕಪ್ಪಗಿದ್ದು, ಬಿಸಿಲಿಗೆ ಇಟ್ಟರೆ ಡಾಂಬರಿನ ವಾಸನೆ ಬಂದು ಮೆತ್ತಗಾದರೆ ಬಿಟುಮೆನ್. ಕಂಬಳಿಯ ಹಾಗೆ ನಾರುನಾರಾಗಿದ್ದರೆ ಫೆಲ್ಟ್. ಮೊದಲೆರಡಕ್ಕೆ ಟ್ಯಾಕಿಫೈಯರ್ ಚದರ ಮೀಟರಿಗೆ ಸುಮಾರು 100 ಗ್ರಾಂ ಸಾಕು. ಫೆಲ್ಟ್ ಒಂದಿಷ್ಟನ್ನು ಹೀರುತ್ತದೆ, 120ರಿಂದ 150 ಗ್ರಾಂ ಲೆಕ್ಕ ಹಿಡಿಯಿರಿ. ಪಿವಿಸಿ ಬೆನ್ನಿನ ಟೈಲಾದರೆ ಅಂಟಿನ ಡಬ್ಬಿಯ ಮೇಲೆ ಪ್ಲಾಸ್ಟಿಸೈಸರ್ ತಡೆಯುತ್ತದೆ ಎಂದು ಬರೆದಿದೆಯೇ ನೋಡಲೇಬೇಕು. ಬೆನ್ನಿಗೇ ಅಂಟು ಇರುವ, ಕಾಗದ ಸುಲಿದು ಕೂಡಿಸುವ ಟೈಲುಗಳೂ ಬರುತ್ತವೆ. ಅವು ಏನೂ ಬಳಿಯದ ಬರೀ ಪ್ಲೈವುಡ್ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಮೊದಲು ಅಕ್ರಿಲಿಕ್ ಪ್ರೈಮರ್ ಒಂದು ಕೈ ಬೇಕು.

ಇನ್ನು ನೆಲ. ಅಂಟು ಎಷ್ಟೇ ಒಳ್ಳೆಯದಿರಲಿ, ಅದು ಹಿಡಿಯುವುದು ನೆಲದ ಮೇಲ್ಪದರವನ್ನು ಮಾತ್ರ. ಮೇಲ್ಪದರ ಮೇಣದ ಪಾಲಿಷ್ ಆಗಿದ್ದರೆ ಅಂಟು ಮೇಣಕ್ಕೆ ಅಂಟುತ್ತದೆ, ಕಟ್ಟಿಗೆಗೆ ಅಲ್ಲ. ನಾಲ್ಕೈದು ಕಡೆ ಒಂದೊಂದು ಹನಿ ನೀರು ಬಿಟ್ಟು ಐದು ನಿಮಿಷ ಕಾಯಿರಿ. ಹನಿ ಮುತ್ತಿನಂತೆ ನಿಂತರೆ ಪಾಲಿಷ್, ವಾರ್ನಿಷ್ ಅಥವಾ ಎಣ್ಣೆ ಇದೆ. 80 ನಂಬರಿನ ಪಾಲಿಷ್ ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಬೇಕು. ಹನಿ ಇಂಗಿ ಕಪ್ಪು ಕಲೆಯಾದರೆ ಏನೂ ಬಳಿಯದ ಬರೀ ಕಟ್ಟಿಗೆ, ಅದು ಮೊದಲ ಕೈ ಅಂಟನ್ನು ಕುಡಿದುಬಿಡುತ್ತದೆ. ಅದಕ್ಕೇ ಬರೀ ಪ್ಲೈವುಡ್ಡಿಗೆ ಎರಡು ಕೈ ಬೇಕು: ಮೊದಲನೆಯದು ಅಂಟು ಒಂದು ಪಾಲು, ನೀರು ಒಂದು ಪಾಲು ಬೆರೆಸಿದ್ದು (ನೀರು ಬೆರೆಸಬಹುದೆಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ, ಇಲ್ಲವಾದರೆ ಅದೇ ಕಂಪನಿಯ ಪ್ರೈಮರ್), ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು ಗಟ್ಟಿಯದು. ಒಂದೇ ಕೈ ಹಚ್ಚಿ ಮುಗಿಸಿದ ಅಟ್ಟಗಳಲ್ಲಿ ಟೈಲು ಎತ್ತಿ ನೋಡಿದರೆ ಅಂಟು ಹಚ್ಚಿದ ಗುರುತೂ ಕಾಣುವುದಿಲ್ಲ. ಎಲ್ಲ ಒಳಗೆ ಹೋಗಿರುತ್ತದೆ.

ಮಟ್ಟ ನೋಡಲು ಗೌಂಡಿಯವರ 2 ಮೀಟರ್ ಅಲ್ಯೂಮಿನಿಯಂ ಪಟ್ಟಿ ಇಡಿ. ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಮೊಳೆ ಹೊಡೆದ ಪ್ಲೈವುಡ್ ಆಗಿದ್ದರೆ ಮೊಳೆ ತಲೆಗಳು ಕ್ರಮೇಣ ಎದ್ದು ಬರುತ್ತವೆ, ಕಿತ್ತು ಸ್ಕ್ರೂ ಹಾಕಿ, ತಲೆ ಒಳಗೆ ಕೂಡಿಸಿ. ಕಿರ್ರೆನ್ನುವ ಜಾಗ ಇದ್ದರೆ ಈಗಲೇ ಸ್ಕ್ರೂ ಬಿಗಿಸಬೇಕು. ಟೈಲು ಹಾಸಿದರೆ ಸಪ್ಪಳ ಅಡಗುವುದಿಲ್ಲ. ಸಂದು ತುಂಬಲು ಗೋಡೆಗೆ ಹಚ್ಚುವ ಬಿಳಿ ಪುಟ್ಟಿ ಬಳಸುವುದನ್ನು ಎಲ್ಲ ಕಡೆ ನೋಡುತ್ತೇವೆ, ಅದು ತಪ್ಪು. ಕಟ್ಟಿಗೆ ಬಾಗಿದಾಗ ಆ ಪುಟ್ಟಿ ಪುಡಿಯಾಗಿ ಅಂಟಿನ ಕೆಳಗೆ ಹಿಟ್ಟು ಉದುರಿಸಿದಂತಾಗುತ್ತದೆ. ಕಟ್ಟಿಗೆಗೆಂದೇ ಬರುವ ವುಡ್ ಫಿಲ್ಲರ್ ತನ್ನಿ.

ಹಲಗೆಗಳ ನಡುವೆ ಸಂದು ಹೆಚ್ಚಿದ್ದರೆ ಅಥವಾ ಹಲಗೆಗಳು ತೊಟ್ಟಿಲಿನಂತೆ ಬಾಗಿದ್ದರೆ ತುಂಬುವ ಗೊಡವೆ ಬೇಡ, ಮೇಲೆ 6 ಮಿ.ಮೀ. ಪ್ಲೈವುಡ್ ಹೊದಿಸಿ. ಭಾರತೀಯ ಮಾನಕ ಐಎಸ್ 303ರ ಎಂಆರ್ (ತುಸು ತೇವ ತಡೆಯುವ) ದರ್ಜೆಯ ಪ್ಲೈ ತೇವ ಇಲ್ಲದ ಕಡೆ ನಡೆಯುತ್ತದೆ, ನೀರು ಬೀಳುವ ಸಂಭವ ಇದ್ದರೆ ಐಎಸ್ 710 ಮರೀನ್ ಪ್ಲೈ. ಅಂಚಿನಗುಂಟ 6 ಇಂಚಿಗೊಂದು, ನಡುವೆ 8 ಇಂಚಿಗೊಂದು ಸ್ಕ್ರೂ. ಶೀಟಿನಿಂದ ಶೀಟಿಗೆ 2 ಮಿ.ಮೀ. ಸಂದು ಬಿಡಿ. ಕೆಳಗಿನ ಹಲಗೆ 18 ಮಿ.ಮೀ. ಇದ್ದರೆ ಸ್ಕ್ರೂ 20 ಮಿ.ಮೀ. ಉದ್ದದ್ದು ಸಾಕು. ಉದ್ದ ಹೆಚ್ಚಾದರೆ ಅಟ್ಟದ ಕೆಳಗೆ ಹಾಯಿಸಿದ ವೈರಿಗೆ ತಗಲುತ್ತದೆ.

ನಮ್ಮ ಕಡೆಯ ಧೂಳಿನ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಕಪನೂರ ಕೈಗಾರಿಕಾ ಪ್ರದೇಶದ ಬೇಳೆ ಮಿಲ್ಲುಗಳಲ್ಲಿ ತೊಗರಿ ಹೊಟ್ಟಿನ ಧೂಳು, ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲು ಮತ್ತು ಸಿಮೆಂಟಿನ ಧೂಳು. ಜಿಗುಟು ಅಂಟಿಗೆ ಧೂಳೇ ದೊಡ್ಡ ಶತ್ರು, ಏಕೆಂದರೆ ಒಣಗುವ ಅರ್ಧ-ಮುಕ್ಕಾಲು ಗಂಟೆ ಅದು ಬಾಯಿ ತೆರೆದುಕೊಂಡು ಮಲಗಿರುತ್ತದೆ. ಮಿಲ್ಲು ನಡೆಯುತ್ತಿರುವಾಗ ಈ ಕೆಲಸ ಮಾಡಬೇಡಿ. ಕಸಬರಿಗೆಯಿಂದ ಗುಡಿಸಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂಡುತ್ತದೆ. ವ್ಯಾಕ್ಯೂಮ್ ಹಾಕಿ, ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ನೆಲ ಒಣಗಲು ಬಿಡಿ. ಅಂಗೈ ಸವರಿ ನೋಡಿದರೆ ಅಂಗೈ ಸ್ವಚ್ಛವಾಗಿರಬೇಕು.

ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಟೈಲು 50 ಸೆಂ.ಮೀ. ಚೌಕ, ಅಂದರೆ ಒಂದು ಚದರ ಮೀಟರಿಗೆ ನಾಲ್ಕು. 10 ಅಡಿ ಅಗಲ 12 ಅಡಿ ಉದ್ದದ ಅಟ್ಟ 11.15 ಚದರ ಮೀಟರ್, ನಾಲ್ಕರಿಂದ ಗುಣಿಸಿದರೆ 45 ಟೈಲು. ಆದರೆ ತರಿಸಬೇಕಾದದ್ದು 45 ಅಲ್ಲ. 10 ಅಡಿ ಎಂದರೆ 304.8 ಸೆಂ.ಮೀ. ಒಂದು ಗೋಡೆಯಿಂದ ಹಾಸುತ್ತ ಹೋದರೆ ಆರು ಟೈಲು ಕೂತು, ಕೊನೆಗೆ 4.8 ಸೆಂ.ಮೀ. ಪಟ್ಟಿ ಉಳಿಯುತ್ತದೆ. ಅಷ್ಟು ಸಣ್ಣ ಪಟ್ಟಿಯನ್ನು ಯಾವ ಅಂಟೂ ಹಿಡಿದಿಡದು, ಕಸ ಗುಡಿಸುವಾಗಲೇ ಎದ್ದು ಬರುತ್ತದೆ. ಆದ್ದರಿಂದ ನಡುವೆ ಐದು ಪೂರ್ತಿ ಟೈಲು, ಎರಡೂ ಗೋಡೆಗೆ 27.4 ಸೆಂ.ಮೀ.ಗೆ ಕತ್ತರಿಸಿದ ಒಂದೊಂದು. ಕತ್ತರಿಸಿ ಉಳಿದ 22.6 ಸೆಂ.ಮೀ. ತುಂಡು ಎದುರಿನ ಗೋಡೆಗೆ ಸಾಲದು, ಹಾಗಾಗಿ ಸಾಲಿಗೆ ಏಳು ಟೈಲು ಖರ್ಚು. 12 ಅಡಿ ಕಡೆ ನಡುವೆ ಆರು ಪೂರ್ತಿ, ಎರಡು ತುದಿಗೆ 32.9 ಸೆಂ.ಮೀ.ಯ ಒಂದೊಂದು, ಒಟ್ಟು ಎಂಟು. ಏಳೆಂಟಲಿ 56. ಇಪ್ಪತ್ತರ ಪೆಟ್ಟಿಗೆಯಾದರೆ ಮೂರು ತಂದರೆ ನಾಲ್ಕು ಟೈಲು ಮುಂದಿನ ರಿಪೇರಿಗೆ ಉಳಿಯುತ್ತವೆ. ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇರಲಿ, ಬ್ಯಾಚ್ ಬದಲಾದರೆ ಬಣ್ಣ ಬದಲಾಗುತ್ತದೆ. ಅಂಟು ಮೊದಲ ಕೈಗೆ 600 ಗ್ರಾಂ, ಎರಡನೆಯದಕ್ಕೆ 1.1 ಕೆ.ಜಿ., ಒಟ್ಟು 2 ಕೆ.ಜಿ. ಇದ್ದರೆ ಆರಾಮ.

ಹೈದರಾಬಾದಿನಿಂದ ಲಾರಿಯಲ್ಲಿ ಬಂದ ಟೈಲನ್ನು ಇಳಿಸಿದ ದಿನವೇ ಹಾಸಬಾರದು. ಪೆಟ್ಟಿಗೆ ಬಿಚ್ಚಿ, ಹಾಸುವ ಕೋಣೆಯಲ್ಲೇ ಅಂಗಾತ ಇಟ್ಟು ಕನಿಷ್ಠ 24 ಗಂಟೆ ಬಿಡಬೇಕು. ಬೇಸಿಗೆಯ ಲಾರಿಯೊಳಗೆ ಬಿಸಿಯಾಗಿ ಮೂಲೆ ಬಾಗಿರುತ್ತದೆ. ನಿಲ್ಲಿಸಿ ಇಟ್ಟ ಟೈಲಂತೂ ಬಾಗಿಯೇ ಇರುತ್ತದೆ, ಅದನ್ನು ಅಂಟಿನಿಂದ ಸರಿಪಡಿಸುವೆನೆಂದರೆ ಆಗದು. ಮೂಲೆ ಬಾಗಿದ್ದರೆ ಬೆನ್ನು ಮೇಲಾಗಿಸಿ ಭಾರ ಹೇರಿ ಇಡಿ.

ಗೆರೆ ಹಾಕುವುದು ಅಂಟು ಹಚ್ಚುವ ಮೊದಲೇ. ಕೋಣೆಯ ನಡುವೆ ಎರಡು ಗೆರೆ, ಬಣ್ಣದ ದಾರ ಹೊಡೆದು. ಕಾಟಕೋನ (ಲಂಬಕೋನ) ಸರಿಯಿದೆಯೇ ನೋಡಲು ಒಂದು ಗೆರೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಅಳೆದು ಗುರುತು ಮಾಡಿ, ಓರೆ ಅಳತೆ 5 ಅಡಿ ಬರಬೇಕು. ಮೇಲಿನ ಲೆಕ್ಕದ ಅಟ್ಟದಲ್ಲಿ 10 ಅಡಿ ಕಡೆ ನಡುವಿನ ಗೆರೆಯ ಮೇಲೆ ಟೈಲಿನ ನಡು ಬರುತ್ತದೆ (ಐದು ಬೆಸ ಸಂಖ್ಯೆ), 12 ಅಡಿ ಕಡೆ ಜೋಡು ಬರುತ್ತದೆ. ಗೆರೆ ದಪ್ಪ ಆಗಿ ಬಣ್ಣದ ಪುಡಿ ಉಳಿದಿದ್ದರೆ ಊದಿಬಿಡಿ. ಒಣಗಿದ ಅಂಟು ತಿಳಿಯಾಗಿರುವುದರಿಂದ ಗೆರೆ ಕೆಳಗಿಂದ ಕಾಣುತ್ತಲೇ ಇರುತ್ತದೆ.

ಅಂಟು ಹಚ್ಚಲು ಸ್ಪಂಜಿನ ರೋಲರ್ ಸಾಕು, ಹಲ್ಲಿನ ಕರಣಿ ಬೇಡ. ಕರಣಿ ಬಿಟ್ಟ ದಪ್ಪ ಗೆರೆಗಳು ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತವೆ. ತೆಳ್ಳಗೆ, ಎಲ್ಲ ಕಡೆ ಒಂದೇ ಸಮ. ಅರ್ಧ ಕೋಣೆ ಹಚ್ಚಿ, ಹಾಸಿ, ಆಮೇಲೆ ಉಳಿದರ್ಧ. ಫರಸಿಯ ಮೇಲೆ ಕೆಲವರು ಸುತ್ತಲೂ ಒಂದು ಪಟ್ಟಿ, ನಡುವೆ ಅಲ್ಲಲ್ಲಿ ಒಂದು ಪಟ್ಟಿ ಹಚ್ಚಿ ಮುಗಿಸುತ್ತಾರೆ. ಅಲ್ಲಾಡುವ ಕಟ್ಟಿಗೆಯ ಮೇಲೆ, ಅದೂ ಗಾಲಿ ಕುರ್ಚಿ ಓಡಾಡುವ ಕಡೆ, ಪೂರ್ತಿ ಹಚ್ಚುವುದೇ ಸರಿ.

ಹಚ್ಚಿದ ಮೇಲೆ ಕಾಯುವುದೇ ಈ ಕೆಲಸದ ಜೀವ. ಬಿಳಿ ಬಣ್ಣ ಪೂರ್ತಿ ಹೋಗಿ ನೆಲದ ಕಟ್ಟಿಗೆಯ ಎಳೆ ಸ್ಪಷ್ಟವಾಗಿ ಕಾಣಬೇಕು. ಬೆರಳಿನ ಗೆಣ್ಣು ಒತ್ತಿ ಎತ್ತಿದರೆ ಟಪ್ಪನೆ ಬಿಡಬೇಕು, ಗೆಣ್ಣಿಗೆ ಏನೂ ಹತ್ತಬಾರದು, ನೂಲು ಎಳೆಯಬಾರದು. ಸಾಮಾನ್ಯವಾಗಿ 30ರಿಂದ 60 ನಿಮಿಷ. ಅವಸರ ಮಾಡಿ ಹಸಿ ಅಂಟಿನ ಮೇಲೆ ಟೈಲು ಇಟ್ಟರೆ ಅದು ಕಾಯಂ ಅಂಟಾಗುತ್ತದೆ, ಬಿಡುವ ಗುಣವೇ ಹೋಗುತ್ತದೆ. ಮೇಲಾಗಿ ಪಿವಿಸಿ ಬೆನ್ನಿನ ಕೆಳಗೆ ಸಿಕ್ಕಿದ ನೀರು ಹೋಗಲು ಬೇರೆ ದಾರಿ ಇಲ್ಲದೆ ಪ್ಲೈವುಡ್ಡಿಗೇ ಇಳಿಯುತ್ತದೆ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಪತ್ರಾಸದ (ತಗಡಿನ ಚಾವಣಿಯ) ಕೆಳಗಿನ ಅಟ್ಟದಲ್ಲಿ ಅಂಟಿನ ಮೇಲೆ ಹತ್ತೇ ನಿಮಿಷಕ್ಕೆ ಕೆನೆ ಕಟ್ಟುತ್ತದೆ, ಒಳಗೆ ಹಸಿ. ಮುಟ್ಟಿದವರಿಗೆ ಒಣಗಿದೆ ಅನ್ನಿಸುತ್ತದೆ. ಬೆಳಿಗ್ಗೆ 6ಕ್ಕೆ ಶುರು ಮಾಡಿ 10ರೊಳಗೆ ಮುಗಿಸಿ. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿ ತುಸು ಸಮಾಧಾನ. ಮತ್ತೊಂದು, ಕೂಲರ್. ಬಿಸಿಲು ತಾಳದೆ ಕೂಲರ್ ಹಚ್ಚಿಕೊಂಡು ಕೆಲಸ ಮಾಡಿದರೆ ಅದರ ತೇವದ ಗಾಳಿಗೆ ಅಂಟು ಎರಡು ಗಂಟೆಯಾದರೂ ಬೆಳ್ಳಗೇ ಇರುತ್ತದೆ. ಫ್ಯಾನ್ ಒಂದೇ ಇರಲಿ. ಹಾಸಿದ ಮೇಲೂ ಕೂಲರನ್ನು ಟೈಲಿನ ಮೇಲೆ ಇಡಬೇಡಿ. ನೀರು ತುಂಬುವಾಗ ಚೆಲ್ಲಿದ್ದು ಜೋಡಿನಿಂದ ಇಳಿದರೆ ಪ್ಲೈವುಡ್ ಉಬ್ಬುತ್ತದೆ.

ಟೈಲಿನ ಬೆನ್ನಿನ ಮೇಲೆ ಬಾಣದ ಗುರುತು ಇರುತ್ತದೆ. ಎಲ್ಲ ಒಂದೇ ದಿಕ್ಕಿಗೆ, ಇಲ್ಲವೇ ಒಂದು ಬಿಟ್ಟು ಒಂದು ಕಾಲು ಸುತ್ತು ತಿರುಗಿಸಿ, ಯಾವುದಾದರೂ ಒಂದು ನಿಯಮ ಹಿಡಿಯಿರಿ. ಟೈಲನ್ನು ಜಾರಿಸಿ ಕೂಡಿಸದೆ ಮೇಲಿಂದ ಇಳಿಸಬೇಕು. ಜಾರಿಸಿದರೆ ಅಂಚಿನಲ್ಲಿ ಅಂಟು ಗುಂಪಾಗಿ ಜೋಡು ಎದ್ದು ನಿಲ್ಲುತ್ತದೆ. ಜೋಡಿನಲ್ಲಿ ಕಾರ್ಪೆಟ್ಟಿನ ಎಳೆ ಸಿಕ್ಕಿಕೊಳ್ಳದಂತೆ ಬೆರಳಿನಿಂದ ಬಿಡಿಸಿ. ಐದು ಟೈಲು ಹಾಸಿದ ಮೇಲೆ ಅಳೆಯಿರಿ: 250 ಸೆಂ.ಮೀ.ಗಿಂತ ಕಡಿಮೆ ಬಂದರೆ ತುರುಕುತ್ತಿದ್ದೀರಿ, ಮಳೆಗಾಲಕ್ಕೆ ಜೋಡು ಗುಬ್ಬಿ ಗೂಡಿನಂತೆ ಏಳುತ್ತದೆ. ಅಂಚಿನ ಟೈಲನ್ನು ಬೆನ್ನಿನ ಕಡೆಯಿಂದ, ಹೊಸ ಬ್ಲೇಡಿನಿಂದ ಕತ್ತರಿಸಿ. ಮೆಟ್ಟಿಲು ಹತ್ತಿ ಬರುವ ಬಾಯಿಗೆ, ಅಟ್ಟದ ಬಿಟ್ಟ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಸ್ಕ್ರೂ ಮಾಡುವುದನ್ನು ಉಳಿತಾಯವೆಂದು ಬಿಡಬೇಡಿ. ಕಾಲು ತೊಡರಿ ಬೀಳುವುದು ಅಲ್ಲೇ.

ಹಳೆ ವಾಡೆಯ ಸಾಗವಾನಿ ಹಲಗೆಗೆ ನಮ್ಮ ಸಲಹೆ ಬೇರೆ: ಅಂಟನ್ನೇ ಹಚ್ಚಬೇಡಿ. ನೂರಾರು ಕಾಲು ಸವೆಸಿದ ಆ ಮೈಗೆ ಅಂಟು ಇಳಿದರೆ ತೆಗೆಯಲು ಉಜ್ಜಲೇಬೇಕು, ಉಜ್ಜಿದರೆ ಆ ಬಣ್ಣ ಮರಳಿ ಬರುವುದಿಲ್ಲ. ಅಲ್ಲಿಗೆ ಮೂಲೆ ಬಿಲ್ಲೆಗಳು ಸರಿ. ಅಂಗೈಗಿಂತ ಸಣ್ಣ ಚೌಕದ ಪ್ಲಾಸ್ಟಿಕ್ ಬಿಲ್ಲೆ, ಒಂದೇ ಬದಿಗೆ ಅಂಟು. ನಾಲ್ಕು ಟೈಲುಗಳ ಮೂಲೆ ಕೂಡುವಲ್ಲಿ ಅಂಟಿನ ಬದಿ ಮೇಲಾಗಿಸಿ ಇಟ್ಟರೆ ಟೈಲುಗಳು ಒಂದನ್ನೊಂದು ಹಿಡಿಯುತ್ತವೆ, ಹಲಗೆಗೆ ಏನೂ ತಗಲುವುದಿಲ್ಲ. ಒಂದು ಕಡೆ ಏಳು, ಇನ್ನೊಂದು ಕಡೆ ಎಂಟು ಟೈಲು ಹಾಸಿದರೆ ನಡುವಿನ ಮೂಲೆಗಳು 42, ಗೋಡೆಯಗುಂಟ ಎರಡೆರಡು ಟೈಲು ಕೂಡುವ ಜಾಗ 26. ಗೋಡೆಯವಕ್ಕೆ ಅರ್ಧ ಬಿಲ್ಲೆ ಸಾಕು, ಒಟ್ಟು 55 ಬಿಲ್ಲೆ. ನೆಲ ಮಟ್ಟವಾಗಿ, ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂತಿದ್ದರೆ ಮಾತ್ರ ಇದು ನಡೆಯುತ್ತದೆ.

ವೇದಿಕೆಗಳ ಬಗ್ಗೆ ಒಂದು ಎಚ್ಚರಿಕೆ. ನೆಲದಿಂದ ಒಂದೆರಡು ಅಡಿ ಎತ್ತರಿಸಿ ನಾಲ್ಕೂ ಕಡೆ ಮುಚ್ಚಿದ ವೇದಿಕೆಯೊಳಗೆ ಗಾಳಿಯಾಡದಿದ್ದರೆ ಕೆಳಗಿನ ತೇವ ಮೇಲೆ ಬಂದು ಪಿವಿಸಿ ಬೆನ್ನಿಗೆ ತಡೆದು ನಿಲ್ಲುತ್ತದೆ. ಮೊದಲು ಮುಗ್ಗಲು ವಾಸನೆ, ಆಮೇಲೆ ಬೂಷ್ಟು. ಎದುರುಬದುರು ಬದಿಗಳಲ್ಲಿ ಜಾಳಿ ಹಾಕಿದ ಕಿಂಡಿ ಬಿಡದೆ ಅಲ್ಲಿ ಟೈಲು ಹಾಸಲೇಬಾರದು.

ಮುಂದೆ ಟೈಲು ಜಾರತೊಡಗಿದರೆ ಎತ್ತಿ ನೋಡಿ. ಬೆನ್ನಿಗೆ ಬೂದು ಧೂಳು ಮೆತ್ತಿದ್ದರೆ ನೆಲವನ್ನೂ ಬೆನ್ನನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಜಿಗುಟು ಬಹಳಷ್ಟು ಮರಳುತ್ತದೆ. ಮರಳದಿದ್ದರೆ ಅಲ್ಲಿಗಷ್ಟೇ ತೆಳ್ಳಗೆ ಮತ್ತೊಂದು ಕೈ. ಕಾಯಂ ಅಂಟಿನಿಂದ ಕೂತ ಹಳೆ ಟೈಲು ಕೀಳಬೇಕಾದರೆ ಹೇರ್ ಡ್ರೈಯರಿನಿಂದ ಮೂಲೆ ಬೆಚ್ಚಗೆ ಮಾಡುತ್ತ ಅಗಲದ ಪಟ್ಟಿಯಿಂದ ಎಬ್ಬಿಸಿ. ಸೊಲ್ಯೂಷನ್ ಹಚ್ಚಿದ್ದಾದರೆ ಕಿಟಕಿ ತೆರೆದೇ ಮಾಡಬೇಕು.

ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ನಾಲ್ಕೂ ಮೂಲೆಯ ಟೈಲು ಮತ್ತು ಗೋಡೆಯಗುಂಟ ಅಲ್ಲೊಂದು ಇಲ್ಲೊಂದು ಎತ್ತಿ ನೋಡಿ. ಪೆನ್ಸಿಲ್ ದಪ್ಪದ ಮಣ್ಣಿನ ಸಾಲು ಕಂಡರೆ ಗೆದ್ದಲು. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದಾಗ ಡೊಳ್ಳು ಸಪ್ಪಳ ಬಂದರೆ ಅಲ್ಲಿ ಚುಚ್ಚಿ ನೋಡಲೇಬೇಕು. ರಿಪೇರಿಗೆಂದು ಉಳಿದ ನಾಲ್ಕು ಟೈಲನ್ನು ಅಂಗಾತ ಇಡಿ. ಬಾಗಿಲ ಬಳಿಯ ಟೈಲಿನ ಬೆನ್ನಿಗೆ ಮಾರ್ಕರಿನಿಂದ ಹಾಸಿದ ತಾರೀಖು, ಅಂಟಿನ ಹೆಸರು, ಬ್ಯಾಚ್ ನಂಬರ್ ಬರೆದಿಟ್ಟರೆ, ಮುಂದೆ ಅದನ್ನು ಎತ್ತುವವರಿಗೆ ಯಾವ ಅಂಟು ತರಬೇಕೆಂದು ಅಂಗಡಿಯಲ್ಲಿ ಕೇಳುವ ಪ್ರಸಂಗ ಬರುವುದಿಲ್ಲ.